ಕೊರಿಯಾದವರು ಸೊಪ್ಪಿಗೆ ಕೊಡೋ ಮರ್ಯಾದೆ ನಮ್ಮ ಬೆರಕೆ ಸೊಪ್ಪಿಗೆ ಯಾಕಿಲ್ಲ?

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ನಮ್ಮ ಕನ್ನಡದವರು ಎಲ್ಲಿ ಸಿಕ್ಕಿದ್ರೂ ಮಾತು ಊಟಕ್ಕೇ ಬರತ್ತೆ, ಇಲ್ಲಿ ವೆಜಿಟೇರಿಯನ್‌ಗೆ ಏನೂ ಸಿಗಲ್ಲ, ಊರಿಂದ ತಂದ ಪುಳಿಯೋಗರೆ ಗೊಜ್ಜೇ ಗತಿ ಅಂತ. ಹೋಟೆಲ್ ಮಟ್ಟಿಗೆ ಅದು ನಿಜಾನೇ, ಕಿಮ್ಚಿಗೆ, ಅಂದ್ರೆ ಇವರ ಹುದುಗಿಸಿದ ತರಕಾರಿ ಉಪ್ಪಿನಕಾಯಿಗೆ, ಸಾಮಾನ್ಯವಾಗಿ ಉಪ್ಪಲ್ಲಿ ಹಾಕಿಟ್ಟ ಸಿಗಡಿನೋ ಮೀನೋ ಬೆರೆಸ್ತಾರೆ, ಸೂಪಿಗೆ ಒಣಮೀನು ಕುದಿಸಿದ ನೀರು, ಈಗಂತೂ ಬೀದಿ ಬೀದೀಲೂ ಮಾಂಸ ಸುಡೋ ಹೋಟೆಲ್. ಆದ್ರೆ ಇಷ್ಟನ್ನೇ ನೋಡಿ ಇವರ ಅಡುಗೆನೇ ಪೂರ್ತಿ ಮಾಂಸದ್ದು ಅಂದ್ಬಿಡೋದನ್ನ ನಾನಂತೂ ಒಪ್ಪಲ್ಲ. ಕೊರಿಯಾದ ಹಳೇ ಅಡುಗೆ ನಿಂತಿರೋದು ಅನ್ನ, ಸೊಪ್ಪು, ಬೇರು, ಸೋಯಾ ಕಾಳಿನ ಮೇಲೆ, ಅದ್ರಲ್ಲೂ ಸೊಪ್ಪಿನ ವಿಷಯದಲ್ಲಿ ಇವರನ್ನ ನೋಡಿ ನಾವು ಕಲಿಯೋದು ತುಂಬಾ ಇದೆ.

ಸೋಲ್‌ನ ಗ್ಯೊಂಗ್‌ಡೊಂಗ್ ಮಾರ್ಕೆಟ್‌ಗೆ ಒಂದ್ಸಲ ಹೋಗಿ ನೋಡಿ. ಅಜ್ಜಿಯರು ಸಾಲಾಗಿ ಕೂತು ದೊರಾಜಿ ಅನ್ನೋ ಬೇರಿನ ಸಿಪ್ಪೆ ತೆಗೆದು ಸಣ್ಣಗೆ ಸೀಳ್ತಾ ಇರ್ತಾರೆ, ಮನೇಲಿ ಅದಕ್ಕೆ ಉಪ್ಪು ಹಾಕಿ ಚೆನ್ನಾಗಿ ಉಜ್ಜಿ ಕಹಿ ಹಿಂಡಿ ತೆಗೀಬೇಕು, ನಾವು ಹಾಗಲಕಾಯಿಗೆ ಮಾಡ್ತೀವಲ್ಲ ಹಾಗೇ. ಪಕ್ಕದಲ್ಲೇ ಗೊಸಾರಿ, ಅಂದ್ರೆ ಜರೀಗಿಡದ ಎಳೆ ಕುಡಿ. ಹಸೀದು ವಿಷ, ಬೇಯಿಸಿ, ನೀರು ಚೆಲ್ಲಿ, ಬಿಸಿಲಲ್ಲಿ ಒಣಗಿಸಿ ಇಡ್ತಾರೆ, ಬೇಕಾದಾಗ ಮತ್ತೆ ನೆನೆಸಿ ಬೇಯಿಸಿ ಪೆರಿಲ್ಲಾ ಅನ್ನೋ ಗಿಡದ ಬೀಜದ ಎಣ್ಣೆ, ಸೋಯಾ ಸಾಸ್ ಹಾಕಿ ಬಾಡಿಸ್ತಾರೆ. ಇಂಥ ಪಲ್ಯಕ್ಕೆಲ್ಲ ಇವರು ನಾಮುಲ್ ಅಂತಾರೆ. ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ್ಲೂ ಬಿಳಿ ದೊರಾಜಿ, ಕಂದು ಗೊಸಾರಿ, ಹಸಿರು ಪಾಲಕ್, ಮೂರು ಬಣ್ಣದ ನಾಮುಲ್ ಇರಬೇಕು. ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಗೆ ಐದು ಧಾನ್ಯದ ಅನ್ನದ ಜೊತೆ ಹಿಂದಿನ ವರ್ಷ ಒಣಗಿಸಿಟ್ಟ ಸೊಪ್ಪಿನ ಪಲ್ಯ.

ಸೋಯಾ ಕಾಳಿಂದು ಇನ್ನೂ ದೊಡ್ಡ ಕಥೆ. ಬೇಯಿಸಿ, ಜಜ್ಜಿ, ಇಟ್ಟಿಗೆ ಥರ ತಟ್ಟಿ ಭತ್ತದ ಹುಲ್ಲಲ್ಲಿ ಕಟ್ಟಿ ನೇತು ಹಾಕ್ತಾರೆ, ಆ ಹುಲ್ಲಲ್ಲಿರೋ ಬ್ಯಾಕ್ಟೀರಿಯಾನೇ ಅದನ್ನ ಹುದುಗಿಸೋದು. ಆಮೇಲೆ ಮಣ್ಣಿನ ಜಾಡೀಲಿ ಉಪ್ಪು ನೀರಲ್ಲಿ ಮುಳುಗಿಸಿ, ಮೇಲೆ ಒಣಮೆಣಸಿನಕಾಯಿ, ಇದ್ದಿಲು ತೇಲಿಬಿಡ್ತಾರೆ. ಒಂದೆರಡು ತಿಂಗಳಾದ್ಮೇಲೆ ಸೋಸಿದ ನೀರು ಸೋಯಾ ಸಾಸ್, ಉಳಿದ ಮುದ್ದೆ ದ್ವೆಂಜಾಂಗ್. 2013ರಲ್ಲಿ ಎಲ್ರೂ ಸೇರಿ ಕಿಮ್ಚಿ ಹಾಕೋ ಪದ್ಧತಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆ ಪಟ್ಟಿಗೆ ಸೇರ್ತು, 2024ರಲ್ಲಿ ಈ ಸೋಯಾ ಹುದುಗಿಸೋ ಪದ್ಧತೀನೂ ಸೇರ್ತು.

ಪೂರ್ತಿ ಸಸ್ಯಾಹಾರ ಬೇಕು ಅನ್ನೋರಿಗೆ ಬೌದ್ಧ ಮಠಗಳ ಅಡುಗೆ ಇದೆ. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯ ಯಾವುದೂ ಇಲ್ಲ. ನಮ್ಮ ಎಷ್ಟೋ ಮಠಗಳ ಅಡುಗೇಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಆದ್ರೆ ನಾವು ಆ ಜಾಗಕ್ಕೆ ಇಂಗು ಹಾಕ್ತೀವಿ, ಇವರ ಐದು ನಿಷಿದ್ಧ ಪದಾರ್ಥದಲ್ಲಿ ಇಂಗೂ ಒಂದು! ಆದ್ರೂ ಅಣಬೆ, ಕಡಲ ಪಾಚಿ, ವರ್ಷಗಟ್ಟಲೆ ಹಳೇ ಸೋಯಾ ಸಾಸ್ ಇಷ್ಟರಲ್ಲೇ ಎಂಥ ರುಚಿ ತರ್ತಾರೆ ಅಂದ್ರೆ ತಿಂದೇ ನೋಡಬೇಕು.

ಈಗ ನಮ್ಮ ಕಡೆ ನೋಡಿ. ಮಂಡ್ಯ, ಹಾಸನದ ಕಡೆ ಮಳೆ ಬಿದ್ಮೇಲೆ ಹೊಲದ ಬದೂಲಿ ಅವ್ವಂದಿರು ಅಣ್ಣೆ, ಗಣಿಕೆ, ಹೊನಗೊನ್ನೆ, ಕನ್ನೆ ಸೊಪ್ಪು ಕಿತ್ತು ಮಡ್ಲು ತುಂಬಿಸ್ಕೊಂಡು ಬರ್ತಿದ್ರು. ಆ ಬೆರಕೆ ಸೊಪ್ಪಿನ ಬಸ್ಸಾರು, ಮುದ್ದೆ ಮುಂದೆ ಯಾವ ಊಟಾನೂ ಇಲ್ಲ ಅಂತ ನಾನು ಇವತ್ತಿಗೂ ಹೇಳ್ತೀನಿ. ಒಂದು ವಿಷಯದಲ್ಲಿ ನಾವೇ ಮೇಲು, ಕೊರಿಯಾದವರು ನಾಮುಲ್ ಬೇಯಿಸಿದ ನೀರು ಚೆಲ್ತಾರೆ, ನಮ್ಮವ್ವಂದಿರು ಅದೇ ನೀರಲ್ಲಿ ಸಾರು ಮಾಡ್ತಾರೆ. ಆದ್ರೆ ಅದನ್ನ ಬಡವರ ಊಟ ಅಂತ ಮೂಲೆಗೆ ತಳ್ಳಿದ್ದೂ ನಾವೇ, ಮದುವೆ ಮನೇಲಿ ಗೋಬಿ ಮಂಚೂರಿ ಬಡಿಸ್ತೀವಿ, ಬೆರಕೆ ಸೊಪ್ಪು ಬಡಿಸೋಕೆ ನಾಚಿಕೆ. ಯಾವ ಸೊಪ್ಪು ತಿನ್ನಬಹುದು, ಯಾವುದನ್ನ ಎಷ್ಟು ಬೇಯಿಸಬೇಕು ಅನ್ನೋದು ಅವ್ವಂದಿರ ಜೊತೇಲೇ ಹೋಗ್ತಾ ಇದೆ, ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಇಲ್ಲೇ.

ಕೊರಿಯಾಗೆ ಹೊಸದಾಗಿ ಬರೋರು ಒಣಗಿಸಿದ ಮೂಲಂಗಿ ಸೊಪ್ಪು ತಗೊಳ್ಳಿ, ಶಿರೇಗಿ ಅಂತ ಕೇಳಿದ್ರೆ ಕೊಡ್ತಾರೆ. ರಾತ್ರಿ ನೆನೆಸಿ, ಮೆತ್ತಗೆ ಬೇಯಿಸಿ, ಬೇಳೆ ಜೊತೆ ಬಸ್ಸಾರು ಮಾಡಿ, ಚೆನ್ನಾಗಿ ಬರತ್ತೆ. ದ್ವೆಂಜಾಂಗ್ ಡಬ್ಬದ ಹಿಂದೆ ಮಾತ್ರ ಓದಿ ನೋಡಿ, ಕೆಲವಕ್ಕೆ ಮೀನಿನ ಪುಡಿ ಸೇರಿಸಿರ್ತಾರೆ.