ಯಾಕ್ ಸರ್ ಜಾಸ್ತಿ ಹಾಕಿದ್ರಿ?

ಹೋದ ಜೂನಿನಲ್ಲಿ ಅಪ್ಪ ಅಮ್ಮ ಬಂದಿದ್ದಾಗ ಲಿಬರ್ಟಿ ಪ್ರತಿಮೆ ತೋರಿಸಲು ಹೊರಟಿದ್ದೆ. ನಾವಿರುವುದು ನ್ಯೂಜೆರ್ಸಿಯಲ್ಲಿ, ಈ ಕಡೆಯಿಂದಲೇ ದೋಣಿ ಸಿಗುತ್ತದೆ. ಆದರೆ ಅಮ್ಮನಿಗೆ ದಾರಿಯಲ್ಲಿ ‘ಆ ದೊಡ್ಡ ದೊಡ್ಡ ಬಿಲ್ಡಿಂಗು’ಗಳನ್ನೂ ನೋಡಬೇಕಿತ್ತು. ಬಸ್ಸಿನಲ್ಲಿ ಮ್ಯಾನ್‌ಹಟನ್ನಿಗೆ ಬಂದು 42ನೇ ಬೀದಿಯಲ್ಲಿ ಇಳಿದೆವು. ಸಬ್‌ವೇ ಮೆಟ್ಟಿಲು ಕಂಡದ್ದೇ ಅಮ್ಮನ ಮಂಡಿ ಮುಷ್ಕರ ಹೂಡಿತು. ಹಳದಿ ಟ್ಯಾಕ್ಸಿಗೆ ಕೈ ಅಡ್ಡ ಹಾಕಿದೆ.

ಡ್ರೈವರು ಬಾಂಗ್ಲಾದೇಶದವರು, ಸಿಲ್ಹೆಟ್ ಕಡೆ ಅಂದರು. ಅಪ್ಪನ ಹಿಂದಿ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಲಿತದ್ದು, ಅವರದ್ದು ಎಲ್ಲಿ ಕಲಿತದ್ದೋ. ಇಬ್ಬರೂ ನಡುವಿನ ಗಾಜಿನ ಕಿಂಡಿಗೆ ಬಾಯಿಟ್ಟು ದಾರಿಯುದ್ದಕ್ಕೂ ಮಾತಾಡಿದರು. ‘ಚಾಚಾ, ಎಡಕ್ಕೆ ನೋಡಿ’, ‘ಚಾಚಾ, ಬಲಕ್ಕೆ ನೋಡಿ’ ಎಂದು ಆತ ಅರ್ಧ ಊರು ತೋರಿಸಿದರು. ಇಳಿಯುವ ಹೊತ್ತಿಗೆ ಅದೂ ಇದೂ ಸರ್ಚಾರ್ಜು ಸೇರಿ 27 ಡಾಲರ್. ಕಾರ್ಡು ತಾಗಿಸಿದೆ. ನಮ್ಮೆದುರಿನ ಪರದೆಯ ಮೇಲೆ ಮೂರು ಚೌಕ ಬಂದವು: 20, 25, 30 ಪರ್ಸೆಂಟ್.

‘ಇದೇನೋ, ಬಡ್ಡಿನಾ?’ ಎಂದರು ಅಪ್ಪ.

ಟಿಪ್ಪು ಎಂದೆ. ಸರಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದವರು ಅಪ್ಪ, ಲೆಕ್ಕಕ್ಕೆ ಕಾಗದ ಬೇಡ. ‘20 ಅಂದ್ರೆ ಐದು ಡಾಲರ್ ನಲವತ್ತು ಸೆಂಟು. ನಮ್ದು 460 ರೂಪಾಯಿ. ಯಾಕೆ?’ ಒಬ್ಬನೇ ಇದ್ದರೆ ಕಣ್ಣು ಮುಚ್ಚಿ 20 ಒತ್ತುವವನು ನಾನು. ಆದರೆ ಪಕ್ಕದಲ್ಲಿ ಅಪ್ಪ ಕೂತಿದ್ದಾರೆ, 460 ಎಂದು ಬಾಯಿ ಬಿಟ್ಟು ಹೇಳಿದ್ದಾರೆ. ಹತ್ತನೇ ಕ್ಲಾಸಿನ ಹುಡುಗನ ಹಾಗೆ ಬೆವರಿ ‘ಬೇರೆ ಮೊತ್ತ’ ಎಂಬಲ್ಲಿ 2 ಎಂದು ಒತ್ತಿದೆ. ಡ್ರೈವರು ತಮ್ಮ ಕಡೆಯ ಪುಟ್ಟ ಪರದೆ ನೋಡಿಕೊಂಡರು. ತಿರುಗಿ ಬಹಳ ಮೃದುವಾಗಿ ಕೇಳಿದರು: ‘ಎವ್ರಿಥಿಂಗ್ ಓಕೆ, ಬ್ರದರ್?’

ಬೈದಿದ್ದರೆ ಒಳ್ಳೆಯದಿತ್ತು. ಪ್ರತಿಮೆಯ ಬುಡದಲ್ಲಿ ನಿಂತು ಫೋಟೋ ತೆಗೆಯುವಾಗಲೂ ಆ ‘ಓಕೆ’ ಕಿವಿಯಲ್ಲೇ ಇತ್ತು.

ನಾನು ಈ ದೇಶಕ್ಕೆ ಬಂದದ್ದು 2014ರಲ್ಲಿ. ಆಗ ಊಬರಿನಲ್ಲಿ ಟಿಪ್ ಕೊಡುವ ಗುಂಡಿಯೇ ಇರಲಿಲ್ಲ. ಕಾರು ಬಂತು, ಕೂತೆ, ಇಳಿದೆ, ‘ಥ್ಯಾಂಕ್ಯೂ’ ಅಂದೆ, ಮುಗಿಯಿತು. ಹೊಸದಾಗಿ ಬಂದ ನಮ್ಮಂಥವರಿಗೆ ಅದು ಸ್ವರ್ಗ. ಹೋಟೆಲಿನಲ್ಲಿ ಎಷ್ಟು ಬಿಡಬೇಕು, ಕ್ಷೌರದವನಿಗೆ ಎಷ್ಟು ಎಂದು ಗೂಗಲ್ ಮಾಡಿ ಮಾಡಿ ಸುಸ್ತಾಗಿದ್ದವರಿಗೆ ಇದೊಂದು ಕಡೆ ನೆಮ್ಮದಿಯಿತ್ತು. 2017ರ ಬೇಸಿಗೆಯಲ್ಲಿ ಅವರೂ ಗುಂಡಿ ಇಟ್ಟರು. ಲಿಫ್ಟ್ ಎಂಬ ಇನ್ನೊಂದು ಟ್ಯಾಕ್ಸಿ ಆ್ಯಪಿನಲ್ಲಿ ಅದಕ್ಕೂ ಮೊದಲೇ ಇತ್ತು. ಈಗ ಇಲ್ಲಿನ ರೂಢಿ ಕೇಳಿದರೆ ಯಾರಾದರೂ ಹೇಳುತ್ತಾರೆ: ಟ್ಯಾಕ್ಸಿಗೆ 15ರಿಂದ 20 ಪರ್ಸೆಂಟ್, ಆ್ಯಪಿನ ಕಾರಿಗೆ ಎರಡೋ ಮೂರೋ ಡಾಲರ್, ಸೂಟ್‌ಕೇಸು ಎತ್ತಿದರೆ ಇನ್ನಷ್ಟು. ಆದರೆ ಟ್ಯಾಕ್ಸಿಯ ಪರದೆ ಈ ರೂಢಿಯನ್ನು ಕೇಳಿಸಿಕೊಂಡಿಲ್ಲ, ಅದರ ಎಣಿಕೆ ಶುರುವಾಗುವುದೇ 20ರಿಂದ.

ನನ್ನ ತಕರಾರು ದುಡ್ಡಿನದಲ್ಲ, ಪರ್ಸೆಂಟಿನದು. ಖುಷಿಗೆ ಕೊಡುವುದಕ್ಕೆ ಎಂಥ ಪರ್ಸೆಂಟ್? ದಾರಿಯಲ್ಲಿ ಜಾಮ್ ಆಗಿ ಅರ್ಧ ಗಂಟೆ ನಿಂತರೆ ಮೀಟರ್ ಏರುತ್ತದೆ, ಅದರ ಜೊತೆಗೆ ನನ್ನ ಕೃತಜ್ಞತೆಯೂ ಏರಬೇಕು. ಸಿಗ್ನಲ್ಲೆಲ್ಲ ಹಸಿರು ಸಿಕ್ಕಿ ಹತ್ತು ನಿಮಿಷಕ್ಕೆ ತಂದುಬಿಟ್ಟ ಪುಣ್ಯಾತ್ಮನಿಗೆ ಕಡಿಮೆ. ಇದು ಯಾವ ನ್ಯಾಯ? ಇನ್ನೂ ಒಂದು. ಟ್ಯಾಕ್ಸಿಯಲ್ಲಿ ಡ್ರೈವರ್ ನೋಡುತ್ತಿರುತ್ತಾನೆ, ಆದ್ದರಿಂದ ಒತ್ತುತ್ತೇವೆ. ಆ್ಯಪಿನಲ್ಲಿ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಕೇಳುತ್ತದೆ, ಆಗ ಯಾರಿಗೂ ನೆನಪಿಲ್ಲ. 2019ರಲ್ಲಿ ಅರ್ಥಶಾಸ್ತ್ರಜ್ಞರು ಕೋಟ್ಯಂತರ ಊಬರ್ ಸವಾರಿಗಳ ಲೆಕ್ಕ ತೆಗೆದು ನೋಡಿದಾಗ, ಸುಮಾರು 60 ಪರ್ಸೆಂಟ್ ಜನ ಒಮ್ಮೆಯೂ ಟಿಪ್ ಕೊಟ್ಟಿರಲಿಲ್ಲ, ಪ್ರತಿ ಸಲ ಕೊಡುವವರು ನೂರಕ್ಕೆ ಒಬ್ಬರು. ಕಂಡರೆ 20, ಕಾಣದಿದ್ದರೆ ಸೊನ್ನೆ. ಇದಕ್ಕೆ ಮರ್ಯಾದೆ ಎನ್ನುತ್ತೀರೋ, ಹೆದರಿಕೆ ಎನ್ನುತ್ತೀರೋ?

ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಗಾಂಧಿ ಬಜಾರಿನಲ್ಲಿ ಅಮ್ಮನ ಪಟ್ಟಿಯಂತೆ ಹೂವು, ಹುರಿಗಾಳು, ಅವರೇಕಾಯಿ ಎಲ್ಲ ತಗೊಂಡು ಬನಶಂಕರಿಗೆ ಆಟೋ ಹುಡುಕಿದೆ. ಮೊದಲನೆಯವನು 150 ಅಂದ. ಎರಡನೆಯವನು 120. ಮೂರನೆಯವನು ನನ್ನ ಬೂಟು ನೋಡಿ 200 ಅಂದ. ನಾನು ನಕ್ಕೆ, ಅವನೂ ನಕ್ಕ. ‘ಏನ್ ಗುರು, ಚಂದ್ರಲೋಕಕ್ಕಾ?’ ಅಂದೆ. ‘ಟ್ರಾಫಿಕ್ ನೋಡಿ ಸರ್, ಚಂದ್ರಲೋಕಕ್ಕೆ ಬೇಗ ಹೋಗಬಹುದು’ ಅಂದ. ಹನ್ನೊಂದು ವರ್ಷದಲ್ಲಿ ಅಮೆರಿಕದ ಯಾವ ಡ್ರೈವರಿನ ಜೊತೆಗೂ ದುಡ್ಡಿನ ವಿಷಯದಲ್ಲಿ ನಾನು ನಕ್ಕಿಲ್ಲ. ಪರದೆಯ ಜೊತೆ ಹೇಗೆ ನಗುವುದು?

ನಾಲ್ಕನೆಯ ಆಟೋ ಹಳೆಯದು. ಹಿಂದಿನ ಗಾಜಿನ ಮೇಲೆ ಶಂಕರ್‌ನಾಗ್ ಚಿತ್ರ, ಮುಂದೆ ನವೆಂಬರಿನಲ್ಲಿ ಕಟ್ಟಿದ ಬಾವುಟ ಬಿಸಿಲಿಗೆ ಮಾಸಿ ಕೆಂಪು ಯಾವುದು ಹಳದಿ ಯಾವುದು ತಿಳಿಯುತ್ತಿರಲಿಲ್ಲ. ಬನಶಂಕರಿ ಅಂದೆ. ಮಾತಿಲ್ಲದೆ ಮೀಟರ್ ಹಾಕಿದರು. ನನಗೆ ಒಂದು ಕ್ಷಣ ಅನುಮಾನವೇ ಬಂತು. ಆಗಸ್ಟಿನಿಂದ ದರ ಏರಿದೆ ಎಂದು ಅವರೇ ಹೇಳಿದರು: ಮೊದಲ ಎರಡು ಕಿಲೋಮೀಟರಿಗೆ 36 ರೂ., ಆಮೇಲೆ ಕಿಲೋಮೀಟರಿಗೆ 18. ಮನೆ ಮುಂದೆ ನಿಂತಾಗ ಮೀಟರ್ 72 ತೋರಿಸುತ್ತಿತ್ತು.

ಇಷ್ಟು ವರ್ಷ ಚೌಕ ಒತ್ತಿದ ಬೆರಳು ಸುಮ್ಮನಿರಬೇಕಲ್ಲ. ಹ್ಯಾಂಡಲಿನ ಹತ್ತಿರ ಅಂಟಿಸಿದ್ದ ಕ್ಯೂಆರ್ ಚೀಟಿಗೆ ಫೋನ್ ಹಿಡಿದು 90 ಕಳಿಸಿದೆ. ಸರಿಯಾಗಿ 25 ಪರ್ಸೆಂಟ್! ಸೀಟಿನ ಕೆಳಗಿನ ಸ್ಪೀಕರ್ ಡಬ್ಬಿ ಕನ್ನಡದಲ್ಲೇ ಕೂಗಿತು, ತೊಂಬತ್ತು ರೂಪಾಯಿ ಬಂದಿದೆ ಎಂದು. ಅವರು ಹಿಂದೆ ತಿರುಗಿದರು.

‘ಸರ್, 72 ಆಗಿರೋದು. ಯಾಕ್ ಸರ್ ಜಾಸ್ತಿ ಹಾಕಿದ್ರಿ?’

‘ಇರಲಿ, ಇಟ್ಕೊಳ್ಳಿ.’

‘ಅದೇ, ಯಾಕೆ ಅಂತ?’

ನನ್ನ ಹತ್ತಿರ ಉತ್ತರವಿರಲಿಲ್ಲ. ಮೀಟರ್ ಹಾಕಿದ್ದಕ್ಕೆ ಎನ್ನೋಣವೇ? ಅದು ಅವರನ್ನು ಹೊಗಳಿದಂತೆಯೂ ಆಗುತ್ತಿತ್ತು, ಅವಮಾನ ಮಾಡಿದಂತೆಯೂ. ಕಾಫಿಗೆ ಅಂದೆ. ‘ಕಾಫಿ ಆಯ್ತು’ ಅಂದರು. ಷರ್ಟಿನ ಜೇಬಿನಿಂದ ಮಡಚಿದ 20ರ ನೋಟು ತೆಗೆದು ಅವರೇಕಾಯಿ ಚೀಲದ ಮೇಲಿಟ್ಟು, ‘ಎರಡು ರೂಪಾಯಿ ನನ್ನ ಕಡೆಯಿಂದ’ ಎಂದು ಹೊರಟೇಬಿಟ್ಟರು. ಟಿಪ್ ಕೊಡಲು ಹೋಗಿ ಎರಡು ರೂಪಾಯಿ ಟಿಪ್ ತಗೊಂಡು ಬಂದೆ.

ಒಳಗೆ ಬಂದು ಅಪ್ಪನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಅವರ ಕಾಲದಲ್ಲಿ ಡ್ಯೂಟಿಗೆ ಹತ್ತುವ ಮೊದಲು ಕಂಡಕ್ಟರು ತನ್ನ ಸ್ವಂತ ದುಡ್ಡೆಷ್ಟು ಎಂದು ಬರೆದಿಡಬೇಕಿತ್ತು. ನಡುದಾರಿಯಲ್ಲಿ ಚೆಕಿಂಗ್ ಬಂದು ಚೀಲ ಎಣಿಸಿದಾಗ ಕಡಿಮೆ ಇದ್ದರೂ ತಪ್ಪು, ಹೆಚ್ಚಿದ್ದರೂ ತಪ್ಪು. ಹೆಚ್ಚಿದ್ದರೆ ಇನ್ನೂ ದೊಡ್ಡ ತಪ್ಪು, ಟಿಕೆಟ್ ಕೊಡದೆ ಕಾಸು ತಗೊಂಡಿದ್ದೀಯ ಅಂತ. ಚಿಲ್ಲರೆ ಇಲ್ಲದಾಗ ಟಿಕೆಟಿನ ಹಿಂದೆ ಬರೆದು ಸುತ್ತ ಒಂದು ಸೊನ್ನೆ ಸುತ್ತುತ್ತಿದ್ದರಲ್ಲ, ಅದನ್ನು ಮರೆತು ಇಳಿದುಹೋದವರ ಎಂಟಾಣೆ ಒಂದು ರೂಪಾಯಿ ಅಪ್ಪನಿಗೆ ಲಾಭವಲ್ಲ, ಎದೆಬಡಿತ. ಚನ್ನರಾಯಪಟ್ಟಣದಲ್ಲಿ ಇಳಿದ ಮುದುಕಿಯ ಹಿಂದೆ ಮೂರು ರೂಪಾಯಿ ಹಿಡಿದು ಓಡಿದ ಕಥೆ ನಮ್ಮನೆಯಲ್ಲಿ ವರ್ಷಕ್ಕೆರಡು ಸಲ ಬರುತ್ತದೆ. (ಮೊದಲು ಅದು ಎರಡು ರೂಪಾಯಿ ಇತ್ತು.) ಜಾಸ್ತಿ ಬಂದ ದುಡ್ಡು ಅಂದರೆ ಅವರಿಗೆ ವಾಪಸ್ ಕೊಡಬೇಕಾದ ದುಡ್ಡು. ನನಗೂ ಅದೇ ನೀರು ಕುಡಿಸಿ ಬೆಳೆಸಿದ್ದಾರೆ, ಆ ಪರದೆ ನೋಡಿದಾಗ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದೇ ಇರಬೇಕು.

ಹಾಗಂತ ಬೆಂಗಳೂರಿನ ಆಟೋಗಳೆಲ್ಲ ಹೀಗೆ ಎಂದರೆ ನಿಮ್ಮಲ್ಲಿ ಅರ್ಧ ಜನ ಇಲ್ಲಿಗೇ ಓದುವುದು ನಿಲ್ಲಿಸುತ್ತೀರಿ, ಗೊತ್ತು. ಆ ಮನುಷ್ಯ ನೂರಕ್ಕೊಬ್ಬ. ಉಳಿದ ತೊಂಬತ್ತೊಂಬತ್ತು ಜನರ ಕಥೆ ಅಮ್ಮ ಹೇಳುತ್ತಾರೆ. ಮಳೆ ಹಿಡಿದ ಸಂಜೆ ಡಾಕ್ಟರ ಹತ್ತಿರದಿಂದ ಮನೆಗೆ ಬರಲು ಆ್ಯಪು ತೆರೆದರೆ ಆಟೋ ಸಿಗುವುದಿಲ್ಲ, ಹತ್ತು ರೂಪಾಯಿ ಸೇರಿಸುತ್ತೀರಾ, ಇಪ್ಪತ್ತು ಸೇರಿಸುತ್ತೀರಾ, ಬೇಗ ಸಿಗಬಹುದು ಎಂದು ಕೇಳುತ್ತದಂತೆ. ಅಮ್ಮ 50 ಸೇರಿಸಿ ಇಪ್ಪತ್ತು ನಿಮಿಷ ಮೆಡಿಕಲ್ ಶಾಪಿನ ಶೆಡ್ಡಿನಡಿ ನಿಂತಿದ್ದಾರೆ. ಇದಕ್ಕೂ ಹೆಸರು ಟಿಪ್! ಹತ್ತುವ ಮೊದಲೇ, ಇನ್ನೂ ಮುಖ ನೋಡಿರದ ಡ್ರೈವರಿಗೆ ಕೊಡುವ ಟಿಪ್. ಸಂತೆಯಲ್ಲಿ ಇದಕ್ಕೆ ಹರಾಜು ಅನ್ನುತ್ತಾರೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವ, ನಮ್ಮ ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಈ ಮುಂಗಡ ಟಿಪ್ಪು ಅನೈತಿಕ ಎಂದು ಸಾರ್ವಜನಿಕವಾಗಿಯೇ ಹೇಳಿದರು, ಗ್ರಾಹಕ ರಕ್ಷಣಾ ಪ್ರಾಧಿಕಾರದಿಂದ ಊಬರಿಗೆ ನೋಟಿಸೂ ಹೋಯಿತು. ಟಿಪ್ಪು ಸೇವೆ ಮುಗಿದ ಮೇಲೆ ಕೊಡುವ ಮೆಚ್ಚುಗೆ, ಹಕ್ಕಿನಿಂದ ಕೇಳುವುದಲ್ಲ ಎಂಬುದು ಅವರ ವಾದ. ನಾನು ಅವರ ಪಕ್ಷದ ಮತದಾರನಲ್ಲ, ಆದರೂ ಈ ಒಂದು ಮಾತಿಗೆ ತಲೆಯಾಡಿಸಿದೆ. ‘ಮೀಟರ್ ಮೇಲೆ 20 ಕೊಡಿ’ ಎಂಬ ಬಾಯಿಮಾತಿನಲ್ಲಿ ಕನಿಷ್ಠ ಒಬ್ಬ ಮನುಷ್ಯನಿರುತ್ತಾನೆ, ಅವನ ಜೊತೆ ಜಗಳವಾಡಬಹುದು, ಹತ್ತಕ್ಕೆ ಇಳಿಸಬಹುದು. ಅಮ್ಮ ಶೆಡ್ಡಿನಡಿ ನಿಂತು ಯಾರ ಜೊತೆ ಜಗಳವಾಡಬೇಕು?

ಅಮೆರಿಕದ ಡ್ರೈವರುಗಳ ಪರವಾಗಿಯೂ ಒಂದೆರಡು ಮಾತು ಹೇಳಲೇಬೇಕು. ಹೇಳದಿದ್ದರೆ ಹೆಂಡತಿ ಬಿಡುವುದಿಲ್ಲ.

ಆ್ಯಪಿನ ಡ್ರೈವರಿಗೆ ಇಲ್ಲಿ ಸಂಬಳ ಎಂಬುದಿಲ್ಲ. ಅವನು ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರನಂತೆ. ಕಾರು ಅವನದ್ದು, ಪೆಟ್ರೋಲು ಅವನದ್ದು, ಇನ್ಶೂರೆನ್ಸು, ಟಯರು, ಕಾಯಿಲೆ ಎಲ್ಲ ಅವನದ್ದೇ. ಒಮ್ಮೆ ನೆವಾರ್ಕ್ ವಿಮಾನ ನಿಲ್ದಾಣದಿಂದ ಬರುವಾಗ ಡ್ರೈವರೊಬ್ಬರು ಕಾರು ನಿಲ್ಲಿಸಿದ ಮೇಲೆ ತಮ್ಮ ಫೋನು ನನ್ನತ್ತ ತಿರುಗಿಸಿದರು. ನಾನು ಕೊಟ್ಟದ್ದು 52 ಡಾಲರ್. ಅವರ ಪರದೆಯಲ್ಲಿ 27 ಚಿಲ್ಲರೆ. ಏನೂ ಹೇಳಲಿಲ್ಲ, ತೋರಿಸಿದರು ಅಷ್ಟೆ. ಹೋಟೆಲಿನಲ್ಲಿ ಬಡಿಸುವವರಿಗಾದರೂ ಗಂಟೆಗೆ 2 ಡಾಲರ್ 13 ಸೆಂಟು ಎಂಬ ಒಕ್ಕೂಟ ಸರಕಾರದ ಕನಿಷ್ಠ ಕೂಲಿ ಇದೆ. 1991ರಿಂದ ಅದು ಕದಲಿಲ್ಲ ಎನ್ನುವುದು ಬೇರೆ ಮಾತು. ಇವರಿಗೆ ಅದೂ ಇಲ್ಲ. ನ್ಯೂಯಾರ್ಕಿನಂಥ ಕೆಲವು ಊರುಗಳು, ಕೆಲವು ರಾಜ್ಯಗಳು ಮಾತ್ರ ಹೋರಾಟದ ನಂತರ ಆ್ಯಪಿನ ಡ್ರೈವರಿಗೆ ಇಂತಿಷ್ಟು ಎಂದು ಗೊತ್ತುಮಾಡಿವೆ.

ಹಳದಿ ಟ್ಯಾಕ್ಸಿಯವರದು ಇನ್ನೊಂದು ಬಗೆಯ ಕಷ್ಟ. ಟ್ಯಾಕ್ಸಿ ಓಡಿಸುವ ಪರವಾನಗಿ ಬಿಲ್ಲೆಗೆ 2014ರ ಹೊತ್ತಿಗೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಬೆಲೆ ಇತ್ತು. ಸಾಲ ಮಾಡಿ ಕೊಂಡವರು ಆ್ಯಪುಗಳು ಬಂದ ಮೇಲೆ ಮುಳುಗಿದರು, ಕೆಲವರು ಜೀವವನ್ನೇ ತೆಗೆದುಕೊಂಡರು. 2021ರಲ್ಲಿ ನ್ಯೂಯಾರ್ಕಿನ ಸಿಟಿ ಹಾಲ್ ಮುಂದೆ ಉಪವಾಸ ಕೂತು, ಸಾಲ ಕಡಿಮೆ ಮಾಡಿಸಿಕೊಂಡರು. ಅವರ ಸಂಘವನ್ನು ಮುನ್ನಡೆಸುವವರು ಗುಜರಾತಿ ಮೂಲದ ಭೈರವಿ ದೇಸಾಯಿ. ಕೂತವರಲ್ಲಿ ಎಷ್ಟೋ ಜನ ಬಾಂಗ್ಲಾದವರು, ಪಂಜಾಬಿನವರು. ನಮ್ಮ ಚಾಚಾ-ಎಡಕ್ಕೆ-ನೋಡಿಯವರೂ ಅಲ್ಲಿದ್ದರೋ ಏನೋ. ನಾನು ಎರಡು ಡಾಲರ್ ಕೊಟ್ಟೆ.

ಇನ್ನೊಂದು ಸಂಗತಿ ಗೊತ್ತಾದಾಗ ನನಗೆ ನಿಜಕ್ಕೂ ಬೆರಗಾಯಿತು. ಟಿಪ್ಪಿನ ಬಗ್ಗೆ ನಾನು ಗೊಣಗುವುದನ್ನು ಅಮೆರಿಕನ್ನರೇ ನನಗಿಂತ ನೂರು ವರ್ಷ ಮೊದಲು ಗೊಣಗಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ ಕೊಡುವುದನ್ನೇ ನಿಷೇಧಿಸಿ ಕಾನೂನು ಮಾಡಿತ್ತು. ಬೇರೆ ಕೆಲವು ರಾಜ್ಯಗಳೂ ಹಿಂಬಾಲಿಸಿದವು. 1926ರ ಹೊತ್ತಿಗೆ ಎಲ್ಲ ಕಾನೂನುಗಳೂ ರದ್ದಾದವು. ಸಂಬಳದ ಭಾರವನ್ನು ಗಿರಾಕಿಯ ಹೆಗಲಿಗೆ ದಾಟಿಸುವುದು ಧಣಿಗಳಿಗೆ ಅಷ್ಟು ಅನುಕೂಲವಾಗಿತ್ತು. ಅಂದರೆ ನಾನು ಕೋಪ ಮಾಡಿಕೊಳ್ಳಬೇಕಾದದ್ದು ಚೌಕಗಳ ಮೇಲಲ್ಲ, ಅವುಗಳ ಹಿಂದೆ ಕೂತವರ ಮೇಲೆ. ಸರಿ. ಆದರೆ ಅವರು ನನ್ನ ಟ್ಯಾಕ್ಸಿಯಲ್ಲಿ ಕೂತಿರುವುದಿಲ್ಲ, ಮುಂದೆ ಕೂತಿರುವವರು ಡ್ರೈವರು, ಮತ್ತು ಅವರು ಪರದೆ ನೋಡುತ್ತಿರುತ್ತಾರೆ.

ಜನವರಿಯಲ್ಲಿ ವಾಪಸ್ ಬಂದೆವು. ನೆವಾರ್ಕಿನಲ್ಲಿ ಇಳಿದಾಗ ರಾತ್ರಿ ಹನ್ನೊಂದೂವರೆ, ಹೊರಗೆ ಮೈ ಕೊರೆಯುವ ಗಾಳಿ. ಇಪ್ಪತ್ಮೂರು ಕಿಲೋದ ನಾಲ್ಕು ಸೂಟ್‌ಕೇಸು, ಒಂದರ ಝಿಪ್ಪು ಕಿತ್ತು ಅಮ್ಮ ಹಗ್ಗ ಕಟ್ಟಿದ್ದು, ಅದರ ತುಂಬ ಹಪ್ಪಳ ಸಂಡಿಗೆ ಸಾರಿನಪುಡಿ. ಆ್ಯಪಿನಲ್ಲಿ ಕರೆದ ಕಾರಿನ ಡ್ರೈವರಿಗೆ ನನ್ನಪ್ಪನಷ್ಟಲ್ಲದಿದ್ದರೂ ಅರವತ್ತು ದಾಟಿರಬೇಕು. ಬೇಡವೆಂದರೂ ನಾಲ್ಕನ್ನೂ ಅವರೇ ಎತ್ತಿ ಹಾಕಿದರು, ಮನೆ ಮುಂದೆ ಹಿಮದಲ್ಲಿ ಒಂದೊಂದಾಗಿ ಇಳಿಸಿದರು. ಒಳಗೆ ಬಂದು ಹೀಟರ್ ಏರಿಸಿ, ಮಗಳನ್ನು ಮಲಗಿಸಿ, ಆ್ಯಪು ತೆರೆದು 5 ಡಾಲರ್ ಒತ್ತಿದೆ. ಪರ್ಸೆಂಟ್ ನೋಡಲಿಲ್ಲ, ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಅಪ್ಪನ ಫೋನು.

‘ತಲುಪಿದ್ರಾ? ಟ್ಯಾಕ್ಸಿ ಸಿಕ್ತಾ?’

‘ಸಿಕ್ತಪ್ಪ.’

‘ಅವ್ನಿಗೆ ಮೇಲೆ ಎಷ್ಟ್ ಕೊಟ್ಟೆ?’

ಈ ಸಲ ಬೈಸಿಕೊಳ್ಳಲು ಸಿದ್ಧನಾಗಿ ಐದು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ರೂಪಾಯಿ ಲೆಕ್ಕ ಹಾಕುತ್ತಿದ್ದಾರೆ ಅಂದುಕೊಂಡೆ.

‘ಸೂಟ್‌ಕೇಸು ಯಾರು ಎತ್ತಿದ್ದು?’

‘ಅವರೇ.’

‘ನಾಲ್ಕೂ?’

‘ಹೂಂ.’

‘ಹಂಗಾದ್ರೆ ಕಮ್ಮಿ ಆಯ್ತು ಕಣೋ.’