ಹಣವಲ್ಲ, ಹಣದಾಸೆ

ಕೋಟ್ಯಧಿಪತಿಗಳನ್ನು ಟೀಕಿಸುವ ಲೇಖನವೊಂದನ್ನು ಓದಿದೆ. ಹಣವೇ ಎಲ್ಲ ಕೆಡುಕಿಗೂ ಮೂಲ ಎಂದು ಬೈಬಲ್ ಹೇಳುತ್ತದೆ ಎಂದು ಅದರ ಲೇಖಕರು ಬರೆದಿದ್ದಾರೆ. ಹಾಗೆ ಹೇಳಿಲ್ಲ. ಬೈಬಲಿನಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯದಲ್ಲಿ ಇರುವುದು ಹಣದಾಸೆ ಕೆಡುಕಿಗೆ ಮೂಲ ಎಂಬ ಮಾತು. ಅದೇ ಅಧ್ಯಾಯದ 17ನೇ ವಚನ ಐಶ್ವರ್ಯವಂತರಿಗೆ ಹೇಳುವುದೂ ಸಿರಿಯನ್ನು ಬಿಸಾಡಿ ಎಂದಲ್ಲ, ನೆಚ್ಚಿಕೊಳ್ಳಬೇಡಿ ಎಂದು.

ಲೂಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಯೇಸು ಹೇಳುವ ಕಥೆಯ ಶ್ರೀಮಂತ ರೈತನನ್ನೇ ನೋಡಿ. ಅವನು ಕದ್ದವನಲ್ಲ, ಯಾರಿಗೂ ಮೋಸ ಮಾಡಿದವನೂ ಅಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೆ. ಆದರೆ ಅವನ ಮಾತು ಕೇಳಿ: ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕಡೆಗೆ ನನ್ನ ಜೀವ! ಕಥೆಯಲ್ಲಿ ಹೆಂಡತಿಯಿಲ್ಲ, ಆಳಿಲ್ಲ, ನೆರೆಯವನಿಲ್ಲ. ಅವನು ತನ್ನೊಂದಿಗೇ ಮಾತಾಡಿಕೊಳ್ಳುತ್ತಾನೆ. ನಡುವೆ ಬಾಯಿ ಹಾಕುವವನು ದೇವರೊಬ್ಬನೇ, ಅದೂ ಅದೇ ರಾತ್ರಿ ಪ್ರಾಣ ಕೇಳಲು.

ಅದೇ ಸುವಾರ್ತೆಯ ಇನ್ನೊಂದು ಕಡೆ ಶ್ರೀಮಂತ ಸುಂಕದವನಾದ ಜಕ್ಕಾಯ ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ ಎನ್ನುತ್ತಾನೆ. ಉಳಿದರ್ಧ ಎಲ್ಲಿ ಎಂದು ಯೇಸು ಕೇಳುವುದಿಲ್ಲ. ಯೇಸುವಿನಿಂದ ಎಲ್ಲವನ್ನೂ ಮಾರು ಎನಿಸಿಕೊಂಡವನು ಮತ್ತೊಬ್ಬ ಶ್ರೀಮಂತ, ಅವನು ಮೋರೆ ಸಪ್ಪಗೆ ಮಾಡಿಕೊಂಡು ಹೊರಟುಹೋದ. ಒಂದೇ ಚೀಟಿಯ ಔಷಧಿ ಎಲ್ಲರಿಗೂ ಇಲ್ಲ ಎಂದೇ ನನ್ನ ಓದು. (ಶ್ರೀಮಂತರಿಗೆ ಇದು ಬಹಳ ಅನುಕೂಲದ ಓದು ಎಂಬುದೂ ಗೊತ್ತು.)

ಲೇಖಕರು ಕೋಟ್ಯಧಿಪತಿಗಳನ್ನು ಮಾತ್ರ ತರಾಟೆಗೆ ತೆಗೆದುಕೊಂಡಿದ್ದಾರೆ. ನನ್ನ ಖಾತೆಯಲ್ಲಿ ಅಂಥದ್ದೇನೂ ಇಲ್ಲ. ಆದರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಮೊದಲು ಮೊಬೈಲಿನಲ್ಲಿ ನೋಡುವುದು ಎಷ್ಟು ಹಣ ಉಳಿದಿದೆ ಎಂಬುದನ್ನೇ.