ತಲಪಾಡಿ ಗಡಿಗೆ ಸ್ಫೋಟಕ ಪತ್ತೆ ಯಂತ್ರ ಬೇಕಾ?

ಪರ

ಬೇಕು. ಕರ್ನಾಟಕ-ಕೇರಳದ ಈ ಗಡಿಯಲ್ಲಿ ವಾಹನ ತಡೆದರೆ ಡಿಕ್ಕಿ ತೆಗೆಸಿ ನೋಡಬಹುದು, ಚೀಲ ಒತ್ತಿ ನೋಡಬಹುದು. ಸ್ಫೋಟಕವನ್ನು ಕಣ್ಣಿಗೆ ಬೀಳುವ ಹಾಗೆ ಯಾರಾದರೂ ಇಡ್ತಾರಾ? ಆದರೆ ಅದನ್ನು ಮುಟ್ಟಿದವನ ಬೆರಳಲ್ಲಿ, ಚೀಲದ ಜಿಪ್ಪಿನಲ್ಲಿ, ಕಾರಿನ ಬಾಗಿಲ ಹಿಡಿಯಲ್ಲಿ ಕಾಣದಷ್ಟು ಪುಡಿ ಉಳಿದಿರುತ್ತದೆ. ಹಿಡಿಯಬೇಕಾದ್ದು ಅದನ್ನೇ.

ಅಮೆರಿಕದ ಎಂಐಟಿಯಲ್ಲಿ ಟಿಮೊತಿ ಸ್ವೇಗರ್ ತಂಡ 1990ರ ದಶಕದಲ್ಲೇ ಇದಕ್ಕೊಂದು ಪಾಲಿಮರ್, ಅಂದರೆ ಸರಪಳಿಯಂಥ ಉದ್ದ ಅಣುಗಳ ವಸ್ತು, ಮಾಡಿತು. ತಕ್ಕ ಬೆಳಕು ಬಿಟ್ಟರೆ ಅದು ಹೊಳೆಯುತ್ತದೆ. ಟಿಎನ್‌ಟಿ ಎಂಬ ಸ್ಫೋಟಕ ಬಂದು ಅಂಟಿದರೆ ಪಾಲಿಮರಿನ ಎಲೆಕ್ಟ್ರಾನ್ ಅದರ ಕಡೆ ಹೋಗಿ ಹೊಳಪು ಆರುತ್ತದೆ. ಅಡಿಕೆ ತೋಟದ ಸ್ಪ್ರಿಂಕ್ಲರ್ ಪೈಪಿಗೆ ಒಂದು ಕಡೆ ತೂತು ಬಿದ್ದರೆ ಇಡೀ ಸಾಲಿನ ಜೆಟ್ ಸೊರಗುವುದಿಲ್ವಾ, ಹಾಗೇ ಸರಪಳಿಯಲ್ಲಿ ಎಲ್ಲೋ ಒಂದು ಅಣು ಕೂತರೂ ಉದ್ದಕ್ಕೂ ಹರಿಯುತ್ತಿದ್ದ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಟಿಎನ್‌ಟಿಯ ಆವಿ ಗಾಳಿಯಲ್ಲಿ ಇರುವುದು ನೂರು ಕೋಟಿಗೆ ಕೆಲವೇ ಪಾಲು. ಅಷ್ಟಕ್ಕೇ ಕ್ಷಣದಲ್ಲಿ ಉತ್ತರ ಸಿಗುತ್ತದೆ. ಇದೇ ತತ್ವದ 'ಫೈಡೊ' ಯಂತ್ರವನ್ನು ಅಮೆರಿಕದ ಸೈನಿಕರು ಇರಾಕಿನಲ್ಲಿ ಬಳಸಿದ್ದಾರೆ. ಕೈಯಲ್ಲಿ ಹಿಡಿದು ಓಡಾಡುವಷ್ಟೇ ಗಾತ್ರ.

ಪೊಲೀಸ್ ನಾಯಿಯ ಮೂಗಿನ ಬಗ್ಗೆ ಎರಡು ಮಾತಿಲ್ಲ. ಆದರೆ ಏಪ್ರಿಲ್ ಬಿಸಿಲಲ್ಲಿ ಹೆದ್ದಾರಿ ಬದಿ ಅದನ್ನು ದಿನವಿಡೀ ನಿಲ್ಲಿಸಲು ಆಗುತ್ತದಾ?

ವಿರೋಧ

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ತಂದು ಇಡುವ ಜಾಗ ತಪ್ಪು. ಕಾಸರಗೋಡಿನಲ್ಲಿ ನಿಜವಾಗಿ ಓಡಾಡುವ ಸಿಡಿಮದ್ದು ಯಾವುದು ಅಂತ ಮೊದಲು ನೋಡಿ. ಒಂದು ಕಲ್ಲುಕೋರೆಯಲ್ಲಿ ಬಂಡೆ ಸಿಡಿಸುವ ತೋಟೆ, ಇನ್ನೊಂದು ಪಟಾಕಿ. ಈಗಿನ ತೋಟೆಯಲ್ಲಿ ಹೆಚ್ಚಿನದ್ದು ಅಮೋನಿಯಂ ನೈಟ್ರೇಟ್, ಪಟಾಕಿಯ ಕರಿಮದ್ದಿನಲ್ಲಿ ಪೆಟ್ಲುಪ್ಪು, ಗಂಧಕ, ಇದ್ದಿಲು. ಟಿಎನ್‌ಟಿಗೆ ಅಂತ ಮಾಡಿದ ಪಾಲಿಮರ್ ಇವಕ್ಕೆ ಹಾಗೆ ಆರುವುದಿಲ್ಲ. 2015ರ ಪ್ಯಾರಿಸ್ ದಾಳಿಯಲ್ಲಿ ಬಳಸಿದ ಟಿಎಟಿಪಿ ಎಂಬ ಸ್ಫೋಟಕದಲ್ಲಂತೂ ಎಲೆಕ್ಟ್ರಾನ್ ಸೆಳೆಯುವ ನೈಟ್ರೋ ಗುಂಪೇ ಇಲ್ಲ.

ಬೇರೆ ಬೇರೆ ಸ್ಫೋಟಕ ಹಿಡಿಯುವ ಹೊಸ ಯಂತ್ರ ತರೋಣ ಅಂತೀರಾ? ಆಗ ಸಿಕ್ಕಿಬೀಳುವವರು ಯಾರು? ಬೆಳಿಗ್ಗೆ ಕೋರೆಯಲ್ಲಿ ಕೇಪು (ತೋಟೆಗೆ ಕಿಡಿ ಕೊಡುವ ಡಿಟೊನೇಟರ್), ತೋಟೆ ಮುಟ್ಟಿ ಸಂಜೆ ಬಸ್ಸು ಹತ್ತಿದ ಕೂಲಿಯವನು. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೋಗ್ಲಿಸರಿನ್ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಮಂಗಳೂರಿನ ಆಸ್ಪತ್ರೆಗೆ ಹೊರಟ ಅಜ್ಜ. ಅದೂ ರಾಸಾಯನಿಕವಾಗಿ ಸ್ಫೋಟಕವೇ ಅಲ್ವಾ. ಯಂತ್ರ ಕೂಗಿದರೆ ಅವರನ್ನು ಇಳಿಸುತ್ತಾರೆ, ಬಸ್ಸು ಹೋಗುತ್ತದೆ. 2020ರ ಕೊರೋನಾ ಕಾಲದಲ್ಲಿ ಇದೇ ಗಡಿ ಮುಚ್ಚಿದಾಗ ಕಾಸರಗೋಡು ಕಡೆಯ ರೋಗಿಗಳು ಪಟ್ಟ ಪಾಡನ್ನು ನಾವು ಮರೆತಿಲ್ಲ. ತಡೆಯುವ ಇನ್ನೊಂದು ಕಾರಣವನ್ನು ನಾವೇ ಕೇಳಿ ಪಡೆಯಬೇಕಾ?

ಇಲ್ಲಿ ಜನರನ್ನು ಸುಟ್ಟದ್ದು ಗಡಿ ದಾಟಿ ಬಂದ ಬಾಂಬಲ್ಲ. 2024ರ ಅಕ್ಟೋಬರ್‌ನಲ್ಲಿ ನೀಲೇಶ್ವರದ ವೀರರ್‌ಕಾವು ದೇವಸ್ಥಾನದಲ್ಲಿ ತೆಯ್ಯಂ ಎಂಬ ದೈವಾರಾಧನೆ ನೋಡಲು ಸೇರಿದವರ ಪಕ್ಕದಲ್ಲೇ ಪಟಾಕಿ ದಾಸ್ತಾನು ಇತ್ತು, ಅದಕ್ಕೆ ಕಿಡಿ ಬಿದ್ದು 150ಕ್ಕೂ ಹೆಚ್ಚು ಜನ ಗಾಯಗೊಂಡರು, ಕೆಲವರು ಆಮೇಲೆ ಸತ್ತೇ ಹೋದರು. ಎಲ್ಲರ ಕಣ್ಣೆದುರಿಗೇ ಇದ್ದ ಮದ್ದು ಅದು. ಹಾಗಾಗಿ ದುಡ್ಡು ಇದ್ದರೆ ಜಾತ್ರೆಗೆ ಮೊದಲೇ ಪಟಾಕಿ ಇಟ್ಟ ಕೋಣೆ ನೋಡುವ ಸಿಬ್ಬಂದಿಯನ್ನು ಕೊಡಲಿ. ಕೋರೆಗೆ ಎಷ್ಟು ತೋಟೆ ಬಂತು, ಎಷ್ಟು ಸಿಡಿಯಿತು, ಎಷ್ಟು ಉಳಿಯಿತು ಎಂಬ ಲೆಕ್ಕವನ್ನು ತಿಂಗಳು ತಿಂಗಳು ಜಾಗಕ್ಕೇ ಹೋಗಿ ಎಣಿಸಲಿ.